ಮಾತಿಲ್ಲದ ತೆರೆಯ ಮೇಲೊಬ್ಬ ಗಾಯಕಿ: ಜೆರಾಲ್ಡಿನ್ ಫರಾರ್

1916ರ ಫೆಬ್ರುವರಿ 17. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ರಂಗಮಂದಿರದಲ್ಲಿ ಫ್ರೆಂಚ್ ಸಂಗೀತಕಾರ ಜಾರ್ಜ್ ಬಿಜೆ ಅವರ ‘ಕಾರ್ಮೆನ್’ ಪ್ರದರ್ಶನ ನಡೆದಿತ್ತು. ಕಾರ್ಮೆನ್ ಪಾತ್ರದಲ್ಲಿ ಜೆರಾಲ್ಡಿನ್ ಫರಾರ್, ನಾಯಕ ಡಾನ್ ಹೋಸೆ ಪಾತ್ರದಲ್ಲಿ ಆ ಕಾಲದ ಅತಿ ಪ್ರಸಿದ್ಧ ಗಾಯಕ ಎನ್ರಿಕೊ ಕರೂಸೊ. ಇಬ್ಬರೂ ಅದೇ ವೇದಿಕೆಯ ಮೇಲೆ ಹಲವು ವರ್ಷ ಜೊತೆಗೂಡಿ ಹಾಡಿದವರು. ಆದರೆ ಅಂದಿನ ಕಾರ್ಮೆನ್ ಹಿಂದಿನಂತಿರಲಿಲ್ಲ. ತಂಬಾಕು ಕಾರ್ಖಾನೆಯ ಜಗಳದಲ್ಲಿ ಫರಾರ್ ಸಹಕಲಾವಿದೆಯೊಬ್ಬಳನ್ನು ನಿಜಕ್ಕೂ ಹಿಡಿದು ಅಲುಗಾಡಿಸಿದರು. ಮುಂದೆ ಕರೂಸೊ ಕೆನ್ನೆಗೆ ಬಾರಿಸಿದರು. ಒರಟು ಅಭಿನಯದಿಂದ ಅಸಮಾಧಾನಗೊಂಡ ಕರೂಸೊ, ಇದೇ ರೀತಿ ಮುಂದುವರಿಯುವುದಾದರೆ ಬೇರೊಬ್ಬ ನಾಯಕನನ್ನು ಹುಡುಕಿಕೊಳ್ಳಬೇಕಾಗುತ್ತದೆ ಎಂಬರ್ಥದ ಮಾತಾಡಿದರೆಂಬ ಸುದ್ದಿ ಪತ್ರಿಕೆಗಳಲ್ಲಿ ಹರಡಿತು.

ಈ ಬದಲಾವಣೆಗೆ ಕಾರಣವಾದದ್ದು ಸಿನಿಮಾ. ಅದಕ್ಕೆ ಕೆಲವೇ ತಿಂಗಳ ಹಿಂದೆ ಫರಾರ್ ಹಾಲಿವುಡ್‌ಗೆ ಹೋಗಿ, ಇದೇ ಕಾರ್ಮೆನ್ ಪಾತ್ರವನ್ನು ಮೂಕಿ ಚಿತ್ರವೊಂದರಲ್ಲಿ ನಿರ್ವಹಿಸಿ ಬಂದಿದ್ದರು. ಕಂಠದಿಂದಲೇ ಹೆಸರಾದ ಗಾಯಕಿ, ಕಂಠಕ್ಕೆ ಎಡೆಯೇ ಇಲ್ಲದ ಮಾಧ್ಯಮಕ್ಕೆ ಕಾಲಿಟ್ಟದ್ದು ಅಂದಿನ ದೊಡ್ಡ ಸೋಜಿಗವಾಗಿತ್ತು. ಹಾಗೆ ಹೋದವರಲ್ಲಿ ಅನೇಕರು ಸೋತು ಮರಳಿದರೆ ಫರಾರ್ 14 ಚಿತ್ರಗಳಲ್ಲಿ ನಟಿಸಿದರು. ಒಪೆರಾದಿಂದ ತೆರೆಗೆ ಅವರು ಏನನ್ನು ಕೊಂಡೊಯ್ದರು, ತೆರೆಯಿಂದ ಏನನ್ನು ಮರಳಿ ತಂದರು, ಅದಕ್ಕಾಗಿ ಏನನ್ನು ತೆತ್ತರು ಎಂಬುದು ಪ್ರದರ್ಶನ ಕಲೆಗಳ ಇತಿಹಾಸದಲ್ಲಿ ಇಂದಿಗೂ ಪ್ರಸ್ತುತವಾದ ಪ್ರಶ್ನೆ.

ಒಪೆರಾ ಎಂಬ ಕಠಿಣ ವಿದ್ಯೆ

ಒಪೆರಾ ಎಂದರೆ ಆದ್ಯಂತ ಸಂಗೀತದಲ್ಲಿಯೇ ಸಾಗುವ ಪಾಶ್ಚಾತ್ಯ ಗೀತನಾಟಕ. ಕಥೆ, ವೇಷಭೂಷಣ, ರಂಗಸಜ್ಜಿಕೆ ಎಲ್ಲವೂ ಇರುವುದರಿಂದ ನಮ್ಮ ವೃತ್ತಿರಂಗಭೂಮಿಯ ಸಂಗೀತ ನಾಟಕಗಳ ನೆನಪಾಗುವುದು ಸಹಜ. ಆದರೆ ಒಪೆರಾದಲ್ಲಿ ಹಾಡು ಸಂಭಾಷಣೆಯ ನಡುವೆ ಬರುವ ಅಲಂಕಾರವಲ್ಲ. ಬಹುಮಟ್ಟಿಗೆ ಸಂಭಾಷಣೆಯೇ ಹಾಡು. ಗಾಯಕರ ಮುಂದೆ ಧ್ವನಿವರ್ಧಕ ಇರುವುದಿಲ್ಲ. ಹತ್ತಾರು ವಾದ್ಯಗಳ ವೃಂದವನ್ನು ದಾಟಿ, ಮೂರು ಸಾವಿರಕ್ಕೂ ಹೆಚ್ಚು ಆಸನಗಳಿದ್ದ ಮೆಟ್ರೊಪಾಲಿಟನ್‌ನಂತಹ ಮಂದಿರದ ಕೊನೆಯ ಸಾಲಿಗೂ ಕಂಠ ತಲುಪಬೇಕು. ಆದ್ದರಿಂದ ಉಸಿರಿನ ನಿಯಂತ್ರಣ, ನಿಲುವು, ಸ್ವರೋತ್ಪತ್ತಿಗಳಲ್ಲಿ ವರ್ಷಗಟ್ಟಲೆ ತರಬೇತಿ ಅನಿವಾರ್ಯ.

ಈ ಅಗತ್ಯವೇ ಅಭಿನಯಕ್ಕೆ ಮಿತಿಯನ್ನೂ ಹಾಕುತ್ತದೆ. ಎತ್ತರದ ಸ್ವರವನ್ನು ಹಿಡಿಯುವಾಗ ದೇಹವನ್ನು ಹೇಗೆ ಬೇಕಾದರೂ ಬಾಗಿಸುವಂತಿಲ್ಲ. ಸಂಗೀತ ನಿರ್ದೇಶಕನ ಕೈಸನ್ನೆಯಿಂದ ಕಣ್ಣು ಬಹಳ ಹೊತ್ತು ಕೀಳುವಂತಿಲ್ಲ. ಹೀಗಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅನೇಕ ಗಾಯಕರು ರಂಗದ ಮುಂಭಾಗದಲ್ಲಿ ನಿಂತು, ಕೈಗಳನ್ನು ಚಾಚಿ ಹಾಡುವುದನ್ನೇ ಅಭಿನಯವೆಂದು ಬಗೆದಿದ್ದರು. ಫರಾರ್ ಈ ರೂಢಿಯನ್ನು ಒಪ್ಪಲಿಲ್ಲ. ಪಾತ್ರಕ್ಕೆ ಅಗತ್ಯವಾದರೆ ಸ್ವರದ ಸೊಬಗು ತುಸು ಕುಂದಿದರೂ ಸರಿ, ಭಾವ ಸತ್ಯವಾಗಿರಬೇಕು ಎಂಬುದು ಅವರ ನಿಲುವಾಗಿತ್ತು. ಅವರ ಖ್ಯಾತಿಗೆ ಇದು ಎಷ್ಟು ಕಾರಣವೋ ಟೀಕೆಗೂ ಅಷ್ಟೇ ಕಾರಣವಾಯಿತು.

ಮೆಲ್ರೋಸ್‌ನಿಂದ ಬರ್ಲಿನ್‌ಗೆ

ಜೆರಾಲ್ಡಿನ್ ಫರಾರ್ ಜನಿಸಿದ್ದು 1882ರ ಫೆಬ್ರುವರಿ 28ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮೆಲ್ರೋಸ್ ಪಟ್ಟಣದಲ್ಲಿ. ತಂದೆ ಸಿಡ್ನಿ ಫರಾರ್ ಫಿಲಡೆಲ್ಫಿಯಾ ತಂಡದ ವೃತ್ತಿಪರ ಬೇಸ್‌ಬಾಲ್ ಆಟಗಾರ. ಮಗಳ ಪ್ರತಿಭೆಯನ್ನು ಮೊದಲು ಗುರುತಿಸಿದವರು, ಸ್ವತಃ ಹಾಡುತ್ತಿದ್ದ ತಾಯಿ ಹೆನ್ರಿಯೆಟ್ಟಾ. ಬಾಸ್ಟನ್ ಮತ್ತು ನ್ಯೂಯಾರ್ಕ್‌ಗಳಲ್ಲಿ ಪ್ರಾರಂಭಿಕ ಶಿಕ್ಷಣ ಮುಗಿಸಿದ ಬಾಲಕಿ, ಶ್ರೀಮಂತ ಹಿತೈಷಿಯೊಬ್ಬರು ನೀಡಿದ ಸಾಲದ ನೆರವಿನಿಂದ ತಂದೆತಾಯಿಯರೊಡನೆ ಯೂರೋಪಿಗೆ ಪ್ರಯಾಣ ಬೆಳೆಸಿದಳು. ಆಗ ಒಪೆರಾ ಗಾಯಕರಾಗಬಯಸುವ ಅಮೆರಿಕನ್ನರಿಗೆ ಯೂರೋಪಿನ ಮುದ್ರೆ ಅನಿವಾರ್ಯವಾಗಿತ್ತು.

1901ರ ಅಕ್ಟೋಬರ್ 15ರಂದು, ತಮ್ಮ 19ನೆಯ ವಯಸ್ಸಿನಲ್ಲಿ, ಫರಾರ್ ಬರ್ಲಿನ್ನಿನ ರಾಜಾಶ್ರಯದ ಒಪೆರಾದಲ್ಲಿ ರಂಗಪ್ರವೇಶ ಮಾಡಿದರು. ಗೂನೊ ಅವರ ‘ಫೌಸ್ಟ್’ ಕೃತಿಯ ಮಾರ್ಗರೀಟ್ ಪಾತ್ರ ಅದು. ಒಂದೇ ರಾತ್ರಿಯಲ್ಲಿ ಜರ್ಮನ್ ರಾಜಧಾನಿಯ ಗಮನ ಸೆಳೆದ ಯುವತಿ ಅಷ್ಟಕ್ಕೇ ತೃಪ್ತರಾಗದೆ, ಜರ್ಮನಿಯ ಹಿರಿಯ ಗಾಯಕಿ ಲಿಲ್ಲಿ ಲೆಹ್ಮನ್ ಅವರ ಶಿಷ್ಯೆಯಾದರು. ಶಿಸ್ತಿಗೆ ಹೆಸರಾಗಿದ್ದ ಲೆಹ್ಮನ್ ಗಾಯನದ ತಳಹದಿಯನ್ನು ಭದ್ರಗೊಳಿಸಿದರು. ಮಾಂಟೆ ಕಾರ್ಲೊದಲ್ಲಿ 1904ರಲ್ಲಿ ಕರೂಸೊ ಜೊತೆ ಪುಚ್ಚೀನಿಯ ‘ಲಾ ಬೊಹೆಮ್’ ಹಾಡುವ ಅವಕಾಶ ಒದಗಿತು. ಮರುವರ್ಷ ಅಲ್ಲಿಯೇ ಮಸ್ಕಾನಿ ಅವರ ‘ಅಮಿಕಾ’ ಕೃತಿಯ ಪ್ರಥಮ ಪ್ರದರ್ಶನದಲ್ಲಿಯೂ ಫರಾರ್ ಪಾಲ್ಗೊಂಡರು.

ಬರ್ಲಿನ್ ವರ್ಷಗಳಲ್ಲಿ ಜರ್ಮನ್ ಯುವರಾಜನ ಹೆಸರಿನೊಂದಿಗೆ ಅವರ ಹೆಸರು ಬೆಸೆದುಕೊಂಡಿತ್ತು. ಈ ವದಂತಿ ಅಮೆರಿಕದ ಪತ್ರಿಕೆಗಳಿಗೂ ಆಹಾರವಾಯಿತು. ಹೀಗಾಗಿ ತವರಿಗೆ ಮರಳುವ ಮೊದಲೇ ಫರಾರ್ ಮನೆಮಾತಾಗಿದ್ದರು.

ಮೆಟ್ರೊಪಾಲಿಟನ್‌ನ ರಾಣಿ

1906ರ ನವೆಂಬರ್ 26ರಂದು ಮೆಟ್ರೊಪಾಲಿಟನ್ ಒಪೆರಾದ ಹೊಸ ಋತು ಆರಂಭವಾದದ್ದು ‘ರೋಮಿಯೊ ಎ ಜೂಲಿಯೆಟ್’ ಕೃತಿಯೊಂದಿಗೆ. ಜೂಲಿಯೆಟ್ ಆಗಿ ರಂಗವೇರಿದವರು ಫರಾರ್. ಅಂದಿನಿಂದ 1922ರವರೆಗೆ ಅವರು ಆ ಸಂಸ್ಥೆಯಲ್ಲಿ 29 ಪಾತ್ರಗಳನ್ನು ನಿರ್ವಹಿಸಿ, 672 ಪ್ರದರ್ಶನಗಳಲ್ಲಿ ಹಾಡಿದರು.

ಮರುವರ್ಷ ಫೆಬ್ರುವರಿ 11ರಂದು ‘ಮದಾಮಾ ಬಟರ್‌ಫ್ಲೈ’ ಮೆಟ್ರೊಪಾಲಿಟನ್‌ನಲ್ಲಿ ಮೊದಲ ಬಾರಿಗೆ ಪ್ರದರ್ಶನಗೊಂಡಾಗ ಜಪಾನಿ ತರುಣಿ ಚೋ-ಚೋ-ಸಾನ್ ಪಾತ್ರ ಫರಾರ್ ಅವರದಾಯಿತು. ಸ್ವರ ಸಂಯೋಜಕ ಪುಚ್ಚೀನಿಯೇ ಉಪಸ್ಥಿತರಿದ್ದರು. ಈ ಪಾತ್ರಕ್ಕಾಗಿ ಫರಾರ್ ಜಪಾನಿ ನಟಿಯೊಬ್ಬರಿಂದ ನಡಿಗೆ, ಕುಳಿತುಕೊಳ್ಳುವ ಬಗೆ, ಕೈಗಳ ಚಲನೆಗಳನ್ನು ಕಲಿತಿದ್ದರು. ಅವರ ಗಾಯನ ಪುಚ್ಚೀನಿಗೆ ಪೂರ್ಣ ತೃಪ್ತಿ ನೀಡಲಿಲ್ಲವೆಂಬುದೂ ದಾಖಲಾಗಿದೆ. ಆದರೆ ನ್ಯೂಯಾರ್ಕಿನ ಪ್ರೇಕ್ಷಕರಿಗೆ ಬಟರ್‌ಫ್ಲೈ ಎಂದರೆ ಫರಾರ್ ಎಂಬಂತಾಯಿತು.

1908ರಲ್ಲಿ ಇಟಲಿಯ ಸಂಗೀತ ನಿರ್ದೇಶಕ ಆರ್ತುರೊ ತೊಸ್ಕಾನಿನಿ ಮೆಟ್ರೊಪಾಲಿಟನ್‌ಗೆ ಬಂದರು. ತಾಲೀಮಿನಲ್ಲಿ ತಾನು ತಾರೆಯೆಂದು ಫರಾರ್ ನೆನಪಿಸಿದಾಗ, ತಾರೆಗಳಿರುವುದು ಆಕಾಶದಲ್ಲಿ ಮಾತ್ರ ಎಂಬರ್ಥದ ಉತ್ತರ ತೊಸ್ಕಾನಿನಿಯಿಂದ ಬಂತೆಂಬ ಕಥೆ ಒಪೆರಾ ವಲಯದಲ್ಲಿ ಪ್ರಚಲಿತ. ಇಬ್ಬರೂ ಮುಂದೆ ನಿಕಟವರ್ತಿಗಳಾದರು. 1915ರಲ್ಲಿ ತೊಸ್ಕಾನಿನಿ ಸಂಸ್ಥೆಯನ್ನು ತೊರೆದರು.

ಈ ನಡುವೆ 1910ರ ಡಿಸೆಂಬರ್ 28ರಂದು ಹುಂಪರ್ಡಿಂಕ್ ಅವರ ‘ಕೋನಿಗ್ಸ್‌ಕಿಂಡರ್’ ಕೃತಿಯ ವಿಶ್ವದ ಪ್ರಥಮ ಪ್ರದರ್ಶನ ಅಲ್ಲಿ ನಡೆಯಿತು. ಬಾತುಕೋಳಿ ಜಾತಿಯ ಹಂಸಗಳನ್ನು ಕಾಯುವ ಹುಡುಗಿಯ ಪಾತ್ರಕ್ಕಾಗಿ ಫರಾರ್ ಜೀವಂತ ಹಂಸಗಳನ್ನೇ ರಂಗಕ್ಕೆ ತಂದರು. ಪ್ರದರ್ಶನ ಮುಗಿದು ಪ್ರೇಕ್ಷಕರಿಗೆ ವಂದಿಸಲು ಬಂದಾಗಲೂ ಒಂದನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದರು! ನೋಡುವ ಕಣ್ಣಿಗೆ ಏನು ಬೇಕೆಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಅವರನ್ನು ಹಿಂಬಾಲಿಸುತ್ತಿದ್ದ ತರುಣಿಯರ ದಂಡಿಗೆ ‘ಜೆರ್ರಿ ಫ್ಲಾಪರ್ಸ್’ ಎಂಬ ಅಡ್ಡಹೆಸರೇ ಬಿದ್ದಿತ್ತು. ಸಿನಿಮಾ ತಾರೆಯರಿಗೆ ಅಭಿಮಾನಿಗಳ ಬಳಗ ಮೂಡುವುದು ಆಗಷ್ಟೇ ಆರಂಭವಾಗಿದ್ದ ಕಾಲವದು.

ಹಾಲಿವುಡ್‌ನ ಕರೆ

1914ರ ನವೆಂಬರ್‌ನಲ್ಲಿ ಫರಾರ್ ಮೆಟ್ರೊಪಾಲಿಟನ್‌ನಲ್ಲಿ ಮೊದಲ ಬಾರಿಗೆ ಕಾರ್ಮೆನ್ ಹಾಡಿದರು. ಅದೇ ವರ್ಷ ಯೂರೋಪಿನಲ್ಲಿ ಮೊದಲ ಮಹಾಯುದ್ಧ ಆರಂಭವಾಗಿತ್ತು. ಬೇಸಿಗೆಯನ್ನು ಯೂರೋಪಿನಲ್ಲಿ ಕಳೆಯುವ ವಾಡಿಕೆ ನಿಂತಿತು. ಸತತ ದುಡಿಮೆಯಿಂದ ದಣಿದಿದ್ದ ಕಂಠಕ್ಕೂ ವಿಶ್ರಾಂತಿ ಬೇಕಿತ್ತು. ಚಿತ್ರ ನಿರ್ಮಾಪಕ ಜೆಸ್ಸಿ ಲ್ಯಾಸ್ಕಿ ಅವರ ಆಹ್ವಾನ ಬಂದದ್ದು ಇಂತಹ ಸಂದರ್ಭದಲ್ಲಿ.

ಲ್ಯಾಸ್ಕಿ ಅವರಿಗೂ ಫರಾರ್ ಬೇಕಾಗಿದ್ದರು. ಸಿನಿಮಾ ಅಂದಿಗೂ ಅಗ್ಗದ ಮನರಂಜನೆಯೆಂಬ ಹಣೆಪಟ್ಟಿಯಿಂದ ಪೂರ್ಣ ಪಾರಾಗಿರಲಿಲ್ಲ. ಸುಶಿಕ್ಷಿತ ಮಧ್ಯಮವರ್ಗವನ್ನು ಚಿತ್ರಮಂದಿರಕ್ಕೆ ಕರೆತರಲು ರಂಗಭೂಮಿಯ ಗಣ್ಯರ ಹೆಸರುಗಳು ಅಗತ್ಯವಾಗಿದ್ದವು. ಫ್ರೆಂಚ್ ನಟಿ ಸಾರಾ ಬರ್ನ್‌ಹಾರ್ಟ್ ಅಭಿನಯದ ‘ಕ್ವೀನ್ ಎಲಿಜಬೆತ್’ 1912ರಲ್ಲಿ ಅಮೆರಿಕದಲ್ಲಿ ತೆರೆಕಂಡು ಈ ದಾರಿ ತೋರಿಸಿತ್ತು. ಒಪೆರಾದ ಪ್ರಥಮ ಶ್ರೇಣಿಯ ಗಾಯಕಿಯೇ ಕ್ಯಾಮೆರಾ ಮುಂದೆ ನಿಂತರೆ ಸಿನಿಮಾಕ್ಕೆ ಅದಕ್ಕಿಂತ ದೊಡ್ಡ ಗೌರವ ಬೇರೊಂದಿರಲಿಲ್ಲ. ಫರಾರ್ ಅವರನ್ನು ರೈಲಿನ ವಿಶೇಷ ಬೋಗಿಯಲ್ಲಿ ಹಾಲಿವುಡ್‌ಗೆ ಕರೆಸಿಕೊಂಡು, ವಾಸಕ್ಕೆ ಮನೆ, ಓಡಾಟಕ್ಕೆ ಕಾರು ಒದಗಿಸಲಾಯಿತು.

ಕ್ಯಾಮೆರಾ ಮುಂದಿನ ಪಾಠಗಳು

1915ರ ಬೇಸಿಗೆಯಲ್ಲಿ ನಿರ್ದೇಶಕ ಸೆಸಿಲ್ ಬಿ. ಡಿಮಿಲ್ ಅವರೊಡನೆ ಕೆಲಸ ಆರಂಭವಾಯಿತು. ಎಲ್ಲರೂ ನಿರೀಕ್ಷಿಸಿದ್ದು ‘ಕಾರ್ಮೆನ್’ ಚಿತ್ರವನ್ನು. ಆದರೆ ಡಿಮಿಲ್ ಮೊದಲು ಚಿತ್ರೀಕರಿಸಿದ್ದು ‘ಮರಿಯಾ ರೋಸಾ’ ಎಂಬ ಬೇರೊಂದು ಕಥೆಯನ್ನು. ಹೊಸ ಮಾಧ್ಯಮಕ್ಕೆ ಗಾಯಕಿ ಒಗ್ಗಿಕೊಳ್ಳಲಿ, ತಪ್ಪುಗಳೆಲ್ಲ ಮೊದಲ ಚಿತ್ರದಲ್ಲಿಯೇ ಆಗಿಹೋಗಲಿ ಎಂಬುದು ನಿರ್ದೇಶಕರ ದೂರದೃಷ್ಟಿ. ಬಿಡುಗಡೆಯಲ್ಲಿ ಮಾತ್ರ ‘ಕಾರ್ಮೆನ್’ ಮೊದಲಾಯಿತು, ‘ಮರಿಯಾ ರೋಸಾ’ 1916ರವರೆಗೆ ಕಾಯಬೇಕಾಯಿತು.

ಒಗ್ಗಿಕೊಳ್ಳಬೇಕಾದ ಸಂಗತಿಗಳು ಹಲವಿದ್ದವು. ಒಪೆರಾದಲ್ಲಿ ಒಂದು ಭಾವ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಸಂಗೀತ ನಿರ್ಧರಿಸುತ್ತದೆ. ಸಾಯುವ ಪಾತ್ರವೂ ಹಲವು ನಿಮಿಷ ಹಾಡಿ ಸಾಯುತ್ತದೆ. ಸಿನಿಮಾದಲ್ಲಿ ಅದೇ ಭಾವ ಕೆಲವು ಕ್ಷಣಗಳಲ್ಲಿ ಮುಖದ ಮೇಲೆ ಮೂಡಿ ಮರೆಯಾಗಬೇಕು. ರಂಗಮಂದಿರದ ಕೊನೆಯ ಸಾಲಿಗೆ ಕಾಣುವಂತೆ ಬೀಸುವ ಕೈ, ಸಮೀಪದ ಕ್ಯಾಮೆರಾಕ್ಕೆ ಉತ್ಪ್ರೇಕ್ಷೆಯಾಗಿ ತೋರುತ್ತದೆ. ಕಥೆಯ ಕ್ರಮದಲ್ಲಿ ಚಿತ್ರೀಕರಣ ನಡೆಯುವುದಿಲ್ಲ. ಚಪ್ಪಾಳೆ ತಟ್ಟಲು ಎದುರಿಗೆ ಪ್ರೇಕ್ಷಕರೂ ಇರುವುದಿಲ್ಲ.

ಈ ಕೊರತೆಯನ್ನು ತುಂಬಲು ಡಿಮಿಲ್ ಸಂಗೀತಗಾರರನ್ನು ಚಿತ್ರೀಕರಣ ಸ್ಥಳಕ್ಕೇ ಕರೆಸಿದರು. ದೃಶ್ಯದ ಭಾವಕ್ಕೆ ತಕ್ಕ ಸಂಗೀತ ನುಡಿಯುತ್ತಿದ್ದಂತೆ ಫರಾರ್ ನಟಿಸುತ್ತಿದ್ದರು. ಮೂಕಿ ಚಿತ್ರಗಳ ಚಿತ್ರೀಕರಣದಲ್ಲಿ ಭಾವಪ್ರಚೋದಕ ಸಂಗೀತ ನುಡಿಸುವ ಪದ್ಧತಿ ಹಾಲಿವುಡ್‌ನಲ್ಲಿ ಬೇರೂರಲು ಇದು ಪ್ರೇರಣೆಯಾಯಿತೆಂದು ಚಿತ್ರ ಇತಿಹಾಸಕಾರರು ಗುರುತಿಸುತ್ತಾರೆ. ತೆರೆಯ ಮೇಲೆ ಕೇಳಿಸದ ಸಂಗೀತವೇ ಅಭಿನಯವನ್ನು ನಡೆಸುತ್ತಿತ್ತು ಎಂಬುದು ಗಮನಾರ್ಹ.

ಮತ್ತೊಂದು ತೊಡಕು ಕಣ್ಣುಗಳದು. ಫರಾರ್ ಅವರದು ತಿಳಿ ಬಣ್ಣದ ಕಣ್ಣುಗಳು. ಅಂದಿನ ಫಿಲ್ಮ್ ನೀಲಿ ಛಾಯೆಗಳನ್ನು ಬಹುತೇಕ ಬಿಳಿಯಾಗಿಯೇ ಸೆರೆಹಿಡಿಯುತ್ತಿದ್ದುದರಿಂದ ಸಮೀಪದ ದೃಶ್ಯಗಳಲ್ಲಿ ಕಣ್ಣು ಖಾಲಿಯಾಗಿ ಕಾಣುವ ಅಪಾಯವಿತ್ತು. ಕ್ಯಾಮೆರಾದ ಪಕ್ಕದಲ್ಲಿ ಕಪ್ಪು ಮಖಮಲ್ ಬಟ್ಟೆ ಹಿಡಿದು, ಅದನ್ನೇ ನೋಡುವಂತೆ ಸೂಚಿಸಿದಾಗ ಕಣ್ಣಿನ ಪಾಪೆ ಹಿಗ್ಗಿ ಸಮಸ್ಯೆ ಬಗೆಹರಿಯಿತು ಎನ್ನಲಾಗಿದೆ.

ಹಾಡಿಲ್ಲದ ‘ಕಾರ್ಮೆನ್’

‘ಕಾರ್ಮೆನ್’ ಚಿತ್ರಕ್ಕೆ ಆಧಾರವಾದದ್ದು ಬಿಜೆ ಅವರ ಒಪೆರಾ ಅಲ್ಲ. ಒಪೆರಾದ ಸಾಹಿತ್ಯಕ್ಕೆ ಕೃತಿಸ್ವಾಮ್ಯದ ಅಡಚಣೆ ಇದ್ದುದರಿಂದ, ನಿರ್ದೇಶಕರ ಸಹೋದರ ವಿಲಿಯಂ ಡಿಮಿಲ್ ಅವರು ಪ್ರಾಸ್ಪರ್ ಮೆರಿಮೆಯ ಮೂಲ ನೀಳ್ಗತೆಯನ್ನು ಆಧರಿಸಿ ಚಿತ್ರಕಥೆ ರಚಿಸಿದರು. ಹೀಗಾಗಿ ತೆರೆಯ ಕಾರ್ಮೆನ್ ಒಪೆರಾದ ಕಾರ್ಮೆನ್‌ಗಿಂತ ಹೆಚ್ಚು ಒರಟು, ಹೆಚ್ಚು ಲೆಕ್ಕಾಚಾರದ ಹೆಣ್ಣು. ತಂಬಾಕು ಕಾರ್ಖಾನೆಯಲ್ಲಿ ಮತ್ತೊಬ್ಬ ಕೆಲಸಗಾರ್ತಿಯೊಡನೆ ನಡೆಯುವ ಕಾದಾಟ ಚಿತ್ರದ ಮುಖ್ಯ ಆಕರ್ಷಣೆಯಾಯಿತು. ಡಾನ್ ಹೋಸೆ ಪಾತ್ರದಲ್ಲಿ ವ್ಯಾಲೇಸ್ ರೀಡ್ ನಟಿಸಿದ್ದರು.

1915ರ ಅಕ್ಟೋಬರ್ 1ರಂದು ಚಿತ್ರದ ಪ್ರಥಮ ಪ್ರದರ್ಶನ ನಡೆದದ್ದು ಚಿತ್ರಮಂದಿರದಲ್ಲಲ್ಲ. ಶಾಸ್ತ್ರೀಯ ಸಂಗೀತ ಕಛೇರಿಗಳ ತಾಣವಾದ ಬಾಸ್ಟನ್ನಿನ ಸಿಂಫನಿ ಹಾಲ್‌ನಲ್ಲಿ. ಹ್ಯೂಗೊ ರೀಸೆನ್‌ಫೆಲ್ಡ್ ಅವರು ಬಿಜೆಯ ಸಂಗೀತವನ್ನು ಚಿತ್ರಕ್ಕೆ ಹೊಂದುವಂತೆ ಅಳವಡಿಸಿದ್ದರು. ವಾದ್ಯವೃಂದ ಪರಿಚಿತ ರಾಗಗಳನ್ನು ನುಡಿಸುತ್ತಿದ್ದಾಗ, ಅವನ್ನು ಹಾಡಿ ಪ್ರಸಿದ್ಧರಾದ ಗಾಯಕಿ ತೆರೆಯ ಮೇಲೆ ತುಟಿ ಅಲುಗಿಸಿದರೂ ಧ್ವನಿ ಇರಲಿಲ್ಲ. ಪ್ರೇಕ್ಷಕರು ಅದನ್ನು ಕೊರತೆಯೆಂದು ಭಾವಿಸಲಿಲ್ಲ. ಚಿತ್ರ ಯಶಸ್ವಿಯಾಯಿತು. ಅದೇ ವರ್ಷ ಫಾಕ್ಸ್ ಸಂಸ್ಥೆ ಥೀಡಾ ಬಾರಾ ಅವರನ್ನು ನಾಯಕಿಯಾಗಿಸಿ ಪ್ರತಿಸ್ಪರ್ಧಿ ‘ಕಾರ್ಮೆನ್’ ಅನ್ನು ತೆರೆಗೆ ತಂದಿತು. ಚಾರ್ಲಿ ಚಾಪ್ಲಿನ್ ಡಿಮಿಲ್ ಚಿತ್ರವನ್ನು ಅಣಕಿಸುವ ಹಾಸ್ಯಚಿತ್ರವನ್ನೇ ತಯಾರಿಸಿದರು.

ಈ ಅನುಭವವನ್ನು ಹೊತ್ತು ಮೆಟ್ರೊಪಾಲಿಟನ್‌ಗೆ ಮರಳಿದಾಗ ನಡೆದದ್ದೇ ಲೇಖನದ ಆರಂಭದಲ್ಲಿ ಹೇಳಿದ ಘಟನೆ. ಕ್ಯಾಮೆರಾ ಮುಂದೆ ಜಗಳವೆಂದರೆ ಜಗಳವೇ ಆಗಬೇಕು. ಒಪೆರಾ ವೇದಿಕೆಯಲ್ಲಿ ಜಗಳವಾಡುವ ಇಬ್ಬರೂ ಮರುಕ್ಷಣವೇ ಹಾಡಬೇಕು. ಉಸಿರು ಕದಡಿದರೆ ಸ್ವರ ಕೆಡುತ್ತದೆ. ಆದ್ದರಿಂದ ಕರೂಸೊ ಅವರ ಕೋಪ ವೈಯಕ್ತಿಕ ಮಾತ್ರವಾಗಿರಲಿಲ್ಲ. ಅದರ ಹಿಂದೆ ಕಲಾಪ್ರಕಾರವೊಂದರ ನ್ಯಾಯವೂ ಇತ್ತು. ಫರಾರ್ ಪಾತ್ರದ ಸತ್ಯದ ಪರ ನಿಂತಿದ್ದರು, ಕರೂಸೊ ಕಂಠದ ರಕ್ಷಣೆಯ ಪರ. ಇಬ್ಬರೂ ಮುಂದೆ ಮತ್ತೆ ಜೊತೆಯಾಗಿ ಹಾಡಿದರು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಜೋನ್ ಆಫ್ ಆರ್ಕ್ ಮತ್ತು ಮಹಾಯುದ್ಧ

1916ರ ಡಿಸೆಂಬರ್ 25ರಂದು ನ್ಯೂಯಾರ್ಕಿನಲ್ಲಿ ಬಿಡುಗಡೆಯಾದ ‘ಜೋನ್ ದಿ ವುಮನ್’ ಫರಾರ್ ಅವರ ಚಿತ್ರಜೀವನದ ಶಿಖರವೆನ್ನಬಹುದು. ಡಿಮಿಲ್ ಅವರ ಮೊದಲ ಭಾರಿ ಐತಿಹಾಸಿಕ ಚಿತ್ರವೂ ಇದೇ. ವೆಚ್ಚ ಸುಮಾರು 3 ಲಕ್ಷ ಡಾಲರ್. ಫ್ರಾನ್ಸಿನ ವೀರವನಿತೆ ಜೋನ್ ಆಫ್ ಆರ್ಕ್ ಪಾತ್ರಕ್ಕಾಗಿ 34ರ ಹರೆಯದ ಗಾಯಕಿ ಭಾರವಾದ ಕವಚ ಧರಿಸಿ, ಯುದ್ಧದೃಶ್ಯಗಳ ನೂಕುನುಗ್ಗಲಿನಲ್ಲಿ ನಿಂತರು. ಜೋನ್‌ಳನ್ನು ಸುಡುವ ದೃಶ್ಯದ ಜ್ವಾಲೆಗಳಿಗೆ ಪ್ರತ್ಯೇಕವಾಗಿ ಬಣ್ಣ ತುಂಬಲಾಯಿತು. ಕಪ್ಪುಬಿಳುಪು ಚಿತ್ರದಲ್ಲಿ ಕೆಂಪು ಬೆಂಕಿ ಕಂಡ ಪ್ರೇಕ್ಷಕರು ಬೆರಗಾದರು.

ಚಿತ್ರದ ಕಥೆಯನ್ನು ಮಹಾಯುದ್ಧದ ಕಂದಕವೊಂದರಲ್ಲಿರುವ ಇಂಗ್ಲಿಷ್ ಯೋಧನ ಕಥೆಯೊಳಗೆ ಹೆಣೆಯಲಾಗಿತ್ತು. ಬರ್ಲಿನ್ ಒಡನಾಟದಿಂದಾಗಿ ಜರ್ಮನ್ ಪಕ್ಷಪಾತಿ ಎಂಬ ಟೀಕೆಯನ್ನು ಫರಾರ್ ಆಗ ಎದುರಿಸುತ್ತಿದ್ದರು. ಅದೇ ಕಲಾವಿದೆ ಫ್ರಾನ್ಸಿನ ರಾಷ್ಟ್ರನಾಯಕಿಯಾಗಿ ತೆರೆಗೆ ಬಂದದ್ದು ಕಾಲದ ವಿಪರ್ಯಾಸ. ಅಮೆರಿಕ 1917ರ ಏಪ್ರಿಲ್‌ನಲ್ಲಿ ಯುದ್ಧಕ್ಕೆ ಧುಮುಕಿತು.

ಅದೇ ವರ್ಷ ತೆರೆಕಂಡ ‘ದಿ ವುಮನ್ ಗಾಡ್ ಫರ್ಗಾಟ್’ ಚಿತ್ರದಲ್ಲಿ ಫರಾರ್ ಆಜ್ಟೆಕ್ ದೊರೆ ಮಾಂಟೆಜುಮಾನ ಮಗಳಾದರು. ‘ದಿ ಡೆವಿಲ್ ಸ್ಟೋನ್’ ಡಿಮಿಲ್ ನಿರ್ದೇಶನದ ಅವರ ಆರನೆಯ ಹಾಗೂ ಕೊನೆಯ ಚಿತ್ರವಾಯಿತು.

ತೆರೆಯ ಹಿಂದಿನ ಬಿರುಕು

1916ರ ಫೆಬ್ರುವರಿ 8ರಂದು ಫರಾರ್ ನಟ ಲೂ ಟೆಲೆಗನ್ ಅವರನ್ನು ವಿವಾಹವಾಗಿದ್ದರು. ‘ಕ್ವೀನ್ ಎಲಿಜಬೆತ್’ ಚಿತ್ರದಲ್ಲಿ ಸಾರಾ ಬರ್ನ್‌ಹಾರ್ಟ್‌ಗೆ ಜೋಡಿಯಾಗಿದ್ದವರು ಇವರೇ. ಟೆಲೆಗನ್ ಅವರಿಗೆ ನಟನೆಯಷ್ಟೇ ಅಲ್ಲ, ನಿರ್ದೇಶನದ ಹಂಬಲವೂ ಇತ್ತು. ಲ್ಯಾಸ್ಕಿ ಸಂಸ್ಥೆ ಅವರಿಗೆ ಚಿತ್ರ ನಿರ್ದೇಶನದ ಅವಕಾಶ ನೀಡಿತಾದರೂ ಫಲಿತಾಂಶ ನಿರಾಶಾದಾಯಕವಾಯಿತು. ಪತಿಯ ಪರ ನಿಂತ ಫರಾರ್ ಲ್ಯಾಸ್ಕಿ ಸಂಸ್ಥೆಯಿಂದ ಹೊರಬಂದು ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಅವರ ಸಂಸ್ಥೆಯನ್ನು ಸೇರಿದರು.

ಈ ನಿರ್ಧಾರದ ಬೆಲೆ ದೊಡ್ಡದಾಗಿತ್ತು. ಡಿಮಿಲ್ ಫರಾರ್ ಅವರ ವ್ಯಕ್ತಿತ್ವಕ್ಕೆ ತಕ್ಕ ಕಥೆ, ವಿಸ್ತಾರ, ಸಿದ್ಧತೆ ಒದಗಿಸಿದ್ದರು. ಗೋಲ್ಡ್‌ವಿನ್ ಸಂಸ್ಥೆಯಲ್ಲಿ 1918ರಿಂದ 1920ರ ನಡುವೆ ನಟಿಸಿದ ಏಳು ಚಿತ್ರಗಳಲ್ಲಿ ಬಹುಪಾಲು ಸಾಮಾನ್ಯ ಪ್ರಣಯ-ಸಾಹಸ ಕಥೆಗಳು. ಟೆಲೆಗನ್ ಕೆಲವು ಚಿತ್ರಗಳಲ್ಲಿ ನಾಯಕರಾದರು. ಪ್ರೇಕ್ಷಕರ ಉತ್ಸಾಹ ಕುಂದಿತು. ಗಳಿಕೆ ಇಳಿಮುಖವಾದುದನ್ನು ಕಂಡ ಫರಾರ್, ಇನ್ನೂ ಬಾಕಿಯಿದ್ದ ಒಪ್ಪಂದವನ್ನು ರದ್ದುಗೊಳಿಸಲು ತಾವಾಗಿಯೇ ಸಮ್ಮತಿಸಿದರು. 1920ರ ‘ದಿ ರಿಡಲ್: ವುಮನ್’ ಅವರ ಕೊನೆಯ ಚಿತ್ರ. 1923ರಲ್ಲಿ ದಾಂಪತ್ಯವೂ ವಿಚ್ಛೇದನದಲ್ಲಿ ಕೊನೆಗೊಂಡಿತು.

ಆದರೂ ಇತರ ಒಪೆರಾ ತಾರೆಗಳೊಡನೆ ಹೋಲಿಸಿದರೆ ಫರಾರ್ ಅವರ ಸಾಧನೆ ಎದ್ದುಕಾಣುತ್ತದೆ. ಒಪೆರಾದಲ್ಲಿ ಅವರ ಪ್ರತಿಸ್ಪರ್ಧಿಯಾಗಿದ್ದ ಮೇರಿ ಗಾರ್ಡನ್ 1917ರಲ್ಲಿ ‘ಥಾಯಿಸ್’ ಚಿತ್ರದಲ್ಲಿ ನಟಿಸಿದರೂ ಅದು ಗೆಲ್ಲಲಿಲ್ಲ. ಸ್ವತಃ ಕರೂಸೊ 1918ರಲ್ಲಿ ‘ಮೈ ಕಸಿನ್’ ಚಿತ್ರದಲ್ಲಿ ಕಾಣಿಸಿಕೊಂಡಾಗ ಪ್ರೇಕ್ಷಕರು ತಣ್ಣಗೆ ಪ್ರತಿಕ್ರಿಯಿಸಿದರು. ಹೆಸರನ್ನು ಮಾತ್ರ ತೆರೆಗೆ ತಂದವರು ಸೋತರು. ಅಭಿನಯವನ್ನು ತಂದ ಫರಾರ್ ಕೆಲಕಾಲವಾದರೂ ಗೆದ್ದರು.

ನಲವತ್ತಕ್ಕೆ ನಿವೃತ್ತಿ

ಚಿತ್ರರಂಗದ ನಡುವೆಯೂ ಒಪೆರಾ ನಿಂತಿರಲಿಲ್ಲ. 1918ರ ಡಿಸೆಂಬರ್ 14ರಂದು ಪುಚ್ಚೀನಿಯ ‘ಸೋರ್ ಆಂಜೆಲಿಕಾ’ ಮೆಟ್ರೊಪಾಲಿಟನ್‌ನಲ್ಲಿ ಪ್ರಥಮ ಪ್ರದರ್ಶನ ಕಂಡಾಗ ಶೀರ್ಷಿಕೆ ಪಾತ್ರ ಫರಾರ್ ಅವರದು. 1920ರಲ್ಲಿ ಲಿಯೊಂಕವಾಲ್ಲೊ ಅವರ ‘ಜಾಜಾ’ ಕೃತಿ ಹೊಸ ಜಯ ತಂದಿತು. ಆದರೆ ಕಂಠ ಮೊದಲಿನ ಸೌಲಭ್ಯವನ್ನು ಕಳೆದುಕೊಳ್ಳತೊಡಗಿತ್ತು. ಇದಕ್ಕೆ ಸಿನಿಮಾ ಕಾರಣವೆಂದು ಹೇಳಲಾಗದು. ಮೂಕಿ ಚಿತ್ರಗಳು ಕಂಠಕ್ಕೆ ವಿಶ್ರಾಂತಿಯನ್ನೇ ನೀಡಿದ್ದವು. ಎರಡು ದಶಕಗಳ ದುಡಿಮೆ ಮತ್ತು ಪಾತ್ರಕ್ಕಾಗಿ ಸ್ವರವನ್ನು ಪಣಕ್ಕಿಡುವ ಸ್ವಭಾವ, ಇವೆರಡೂ ತಮ್ಮ ಪಾಲು ಕೇಳಿದವು ಎನ್ನುವುದೇ ಸರಿ.

ನಲವತ್ತು ತುಂಬಿದಾಗ ಒಪೆರಾ ತೊರೆಯುವುದಾಗಿ ಫರಾರ್ ಮೊದಲೇ ಹೇಳಿದ್ದರು. ನುಡಿದಂತೆ ನಡೆದರು. 1922ರ ಏಪ್ರಿಲ್ 22ರಂದು ‘ಜಾಜಾ’ ಪ್ರದರ್ಶನದೊಂದಿಗೆ ಮೆಟ್ರೊಪಾಲಿಟನ್‌ಗೆ ವಿದಾಯ ಹೇಳಿದರು. ಅಭಿಮಾನಿಗಳು ಅವರಿಗೆ ಕಿರೀಟ ತೊಡಿಸಿ, ರಂಗಮಂದಿರದ ಹೊರಗೆ ಬ್ರಾಡ್‌ವೇ ರಸ್ತೆಯಲ್ಲಿ ಮೆರವಣಿಗೆ ನಡೆಸಿದರು. ಕೈಬಿಡಲು ಮನಸ್ಸಿಲ್ಲದ ಪ್ರೇಕ್ಷಕರ ಮುಂದೆ ನಿಂತು ನಿರ್ಗಮಿಸುವ ಧೈರ್ಯ ಎಲ್ಲ ಕಲಾವಿದರಿಗೂ ಬರುವುದಿಲ್ಲ.

ಅನಂತರವೂ 1931ರವರೆಗೆ ಕಛೇರಿಗಳಲ್ಲಿ ಹಾಡಿದರು. 1934-35ರ ಋತುವಿನಲ್ಲಿ ಮೆಟ್ರೊಪಾಲಿಟನ್‌ನ ರೇಡಿಯೊ ಪ್ರಸಾರಗಳ ವಿರಾಮದ ವೇಳೆ ಕೇಳುಗರಿಗೆ ಒಪೆರಾ ಕುರಿತು ವಿವರಿಸುವ ಹೊಣೆ ಹೊತ್ತರು. 1938ರಲ್ಲಿ ‘ಸಚ್ ಸ್ವೀಟ್ ಕಂಪಲ್ಷನ್’ ಎಂಬ ಆತ್ಮಕಥೆ ಪ್ರಕಟವಾಯಿತು. ಅದರ ಅಧ್ಯಾಯಗಳನ್ನು ತಮ್ಮ ಮಾತಿನಲ್ಲಿ ಮತ್ತು ಅಗಲಿದ ತಾಯಿಯ ಮಾತಿನಲ್ಲಿ ಪರ್ಯಾಯವಾಗಿ ಬರೆದದ್ದು ವಿಶೇಷ. ಕನೆಕ್ಟಿಕಟ್ ರಾಜ್ಯದ ರಿಡ್ಜ್‌ಫೀಲ್ಡ್‌ನಲ್ಲಿ ನೆಲೆಸಿದ್ದ ಅವರು 1967ರ ಮಾರ್ಚ್ 11ರಂದು, 85ನೆಯ ವಯಸ್ಸಿನಲ್ಲಿ ನಿಧನರಾದರು. ಅವರು ಆಳಿದ ಹಳೆಯ ಮೆಟ್ರೊಪಾಲಿಟನ್ ಕಟ್ಟಡವನ್ನು ಕೆಡವಿದ್ದೂ ಅದೇ ವರ್ಷ.

ಉಳಿದದ್ದು ಏನು?

ವಾಕ್ಚಿತ್ರ ಬಂದ ಮೇಲೆ ಚಿತ್ರರಂಗಕ್ಕೆ ಹಾಡುವ ಕಲಾವಿದರು ಬೇಕಾದರು. ಅಮೆರಿಕದಲ್ಲಿ ಒಪೆರಾ ಗಾಯಕಿ ಗ್ರೇಸ್ ಮೂರ್ 1934ರ ‘ಒನ್ ನೈಟ್ ಆಫ್ ಲವ್’ ಚಿತ್ರದಿಂದ ಜನಪ್ರಿಯರಾದರು. ಅದೇ ವರ್ಷ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡಾಗ ಎಂ.ವಿ. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್ ಅವರಂತಹ ರಂಗಕಲಾವಿದರು ನಾಟಕದ ಕಂಠವನ್ನು ತೆರೆಗೆ ತಂದರು. ಇವರೆಲ್ಲರಿಗೂ ದೊರೆತ ಅನುಕೂಲ ಫರಾರ್ ಅವರಿಗೆ ದೊರೆಯಲಿಲ್ಲ. ಸಿನಿಮಾ ಮಾತು ಕಲಿಯುವ ಹೊತ್ತಿಗೆ ಅವರು ನೇಪಥ್ಯಕ್ಕೆ ಸರಿದಿದ್ದರು.

ಹೀಗಾಗಿ ಅವರ ಕಲೆ ಇಂದು ಎರಡು ತುಂಡುಗಳಾಗಿ ಉಳಿದಿದೆ. 1904ರಿಂದ ಮುದ್ರಿತವಾದ ಗಾನಮುದ್ರಿಕೆಗಳಲ್ಲಿ ಮುಖವಿಲ್ಲದ ಕಂಠ. ಡಿಮಿಲ್ ಚಿತ್ರಗಳಲ್ಲಿ ಕಂಠವಿಲ್ಲದ ಮುಖ. ‘ಕಾರ್ಮೆನ್’ ಮತ್ತು ‘ಜೋನ್ ದಿ ವುಮನ್’ ಪ್ರತಿಗಳು ಸುರಕ್ಷಿತವಾಗಿವೆ. ‘ದಿ ಡೆವಿಲ್ ಸ್ಟೋನ್’ ಭಾಗಶಃ ಮಾತ್ರ ಉಳಿದಿದೆ. ಸಂಗೀತ ನಿರ್ದೇಶಕಿ ಗಿಲಿಯನ್ ಆಂಡರ್ಸನ್ ಅವರು ‘ಕಾರ್ಮೆನ್’ ಚಿತ್ರಕ್ಕೆ ಸಿದ್ಧಪಡಿಸಿದ್ದ ಹಳೆಯ ಸಂಗೀತವನ್ನು ಪುನರ್ರಚಿಸಿದ್ದರಿಂದ, ಬಾಸ್ಟನ್ನಿನ ಪ್ರೇಕ್ಷಕರು ಕಂಡಂತೆ ಅದನ್ನು ಕಾಣುವುದು ಇಂದಿನವರಿಗೂ ಸಾಧ್ಯವಾಗಿದೆ. ಹಾಲಿವುಡ್‌ನ ಕೀರ್ತಿಪಥದಲ್ಲಿ ಅವರ ಹೆಸರಿನ ಎರಡು ನಕ್ಷತ್ರಗಳಿವೆ: ಒಂದು ಸಂಗೀತಕ್ಕೆ, ಇನ್ನೊಂದು ಚಲನಚಿತ್ರಕ್ಕೆ.

1969ರಲ್ಲಿ ಒಪೆರಾದ ಮತ್ತೊಬ್ಬ ಮಹಾನ್ ಗಾಯಕಿ ಮರಿಯಾ ಕಲಾಸ್ ಇಟಲಿಯ ನಿರ್ದೇಶಕ ಪಸೋಲಿನಿಯ ‘ಮೆಡಿಯಾ’ ಚಿತ್ರದಲ್ಲಿ ನಟಿಸಿದರು. ಧ್ವನ್ಯಂಕನ ಎಲ್ಲ ಬಗೆಯಲ್ಲೂ ಮುಂದುವರಿದಿದ್ದ ಕಾಲದಲ್ಲಿಯೂ ಅದು ಗಾಯನಕ್ಕಾಗಿ ರೂಪಿಸಿದ ಪಾತ್ರವಾಗಿರಲಿಲ್ಲ. ಅವರ ಮುಖ ಮತ್ತು ನಿಲುವನ್ನೇ ನೆಚ್ಚಿದ ಪಾತ್ರವಾಗಿತ್ತು. ಗಾಯಕಿಯ ಶಕ್ತಿ ಕಂಠದಲ್ಲಿ ಮಾತ್ರವಿಲ್ಲ ಎಂಬ ಆ ನಂಬಿಕೆಯನ್ನು ಅರ್ಧ ಶತಮಾನಕ್ಕೂ ಮೊದಲೇ, ಮಾತಿಲ್ಲದ ತೆರೆಯ ಮೇಲೆ ಪರೀಕ್ಷೆಗೊಡ್ಡಿದವರು ಜೆರಾಲ್ಡಿನ್ ಫರಾರ್.

ಜೀವನರೇಖೆ

1882: ಮೆಲ್ರೋಸ್‌ನಲ್ಲಿ ಜನನ
1901: ಬರ್ಲಿನ್ನಿನಲ್ಲಿ ಒಪೆರಾ ರಂಗಪ್ರವೇಶ
1906: ಮೆಟ್ರೊಪಾಲಿಟನ್ ಒಪೆರಾಕ್ಕೆ ಪ್ರವೇಶ
1907: ಮೆಟ್ರೊಪಾಲಿಟನ್‌ನಲ್ಲಿ ಮೊದಲ ‘ಮದಾಮಾ ಬಟರ್‌ಫ್ಲೈ’
1915: ಮೊದಲ ಚಿತ್ರ ‘ಕಾರ್ಮೆನ್’ ಬಿಡುಗಡೆ
1916: ಲೂ ಟೆಲೆಗನ್ ಜೊತೆ ವಿವಾಹ, ‘ಜೋನ್ ದಿ ವುಮನ್’
1920: ಕೊನೆಯ ಚಿತ್ರ
1922: ಒಪೆರಾದಿಂದ ನಿವೃತ್ತಿ
1938: ಆತ್ಮಕಥೆ ಪ್ರಕಟಣೆ
1967: ರಿಡ್ಜ್‌ಫೀಲ್ಡ್‌ನಲ್ಲಿ ನಿಧನ